ಬಾಡಿಗೆ ಮನೆಯ ಗವಾಕ್ಷಿಗೆ ಹೊಣೆ ಯಾರು?

ಸಂಪಾದಕರಿಗೆ,

ಮಾನ್ಯರೇ,

ಬೆಂಗಳೂರಿನಲ್ಲಿ ಕಟ್ಟಡವೊಂದು ಕುಸಿದು ಜನ ಸತ್ತ ಮರುದಿನ ಎಲ್ಲ ಪತ್ರಿಕೆಗಳಲ್ಲೂ ಅಕ್ರಮ ಕಟ್ಟಡಗಳ ಸುದ್ದಿ ಬರುತ್ತದೆ, ಸಮೀಕ್ಷೆಗೆ ಆದೇಶವಾಗುತ್ತದೆ, ಒಂದಿಬ್ಬರು ಅಧಿಕಾರಿಗಳ ಅಮಾನತು ಆಗುತ್ತದೆ. ಕುಸಿಯದೆ ನಿಂತಿರುವ ಮನೆಗಳ ಒಳಗೆ ದಿನವೂ ನಡೆಯುತ್ತಿರುವುದರ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಗಾಳಿಯಾಡದ ಸ್ನಾನದ ಮನೆ, ಅರ್ಥಿಂಗ್ ಇಲ್ಲದ ವೈರಿಂಗ್, ಒಳಚರಂಡಿಯ ಚೇಂಬರ್ ಪಕ್ಕದಲ್ಲೇ ತೋಡಿದ ನೀರಿನ ಸಂಪು, ವರ್ಷವಿಡೀ ಬೂಷ್ಟು ಹಿಡಿದ ಮಲಗುವ ಕೋಣೆ, ಕೈಹಿಡಿ ಇಲ್ಲದ ಮೆಟ್ಟಿಲು, ಇವೆಲ್ಲ ಬಾಡಿಗೆದಾರನೂ ಮಾಲೀಕನೂ ತಮ್ಮತಮ್ಮಲ್ಲಿ ಬಗೆಹರಿಸಿಕೊಳ್ಳಬೇಕಾದ ಖಾಸಗಿ ವಿಷಯಗಳು ಎಂದು ನಮ್ಮ ಆಡಳಿತ ತೀರ್ಮಾನಿಸಿಬಿಟ್ಟಂತಿದೆ. ಇದು ಖಾಸಗಿ ವಿಷಯವಲ್ಲ, ಸಾರ್ವಜನಿಕ ಆರೋಗ್ಯದ ವಿಷಯ ಎಂದು ಹೇಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ದೀರ್ಘವಾಗಿದೆ, ದಯವಿಟ್ಟು ಅವಕಾಶ ಮಾಡಿಕೊಡಬೇಕು.

ನಾನು ಹಾಸನ ಜಿಲ್ಲೆಯ ಹಳ್ಳಿಯೊಂದರಿಂದ ಕೆಲಸಕ್ಕೆಂದು ಈ ಊರಿಗೆ ಬಂದವನು. ಇಪ್ಪತ್ತೆರಡು ವರ್ಷಗಳಲ್ಲಿ ಐದು ಬಾಡಿಗೆ ಮನೆಗಳನ್ನು ಕಂಡಿದ್ದೇನೆ. ನಾಲ್ಕನೆಯದು ಇಪ್ಪತ್ತು-ಮೂವತ್ತರ ನಿವೇಶನದಲ್ಲಿ ಮೂರು ಅಂತಸ್ತು ಎತ್ತಿ ಆರು ಸಂಸಾರಗಳನ್ನು ಇರಿಸಿದ್ದ ಕಟ್ಟಡದ ನೆಲಮಹಡಿಯ ಮನೆ. ಸ್ನಾನದ ಮನೆ ಕಟ್ಟಡದ ನಟ್ಟನಡುವೆ ಇತ್ತು, ನಾಲ್ಕಡಿ ಅಗಲ, ಆರಡಿ ಉದ್ದ. ಅದಕ್ಕೆ ಹಿಂದೊಮ್ಮೆ ಗವಾಕ್ಷಿ ಇತ್ತಂತೆ. ಪಕ್ಕದ ನಿವೇಶನದವರು ಗಡಿಯ ಅಂಚಿಗೇ ಗೋಡೆ ಎಬ್ಬಿಸಿದಾಗ ಎರಡು ಗೋಡೆಗಳ ಸಂದಿನಿಂದ ಮಳೆನೀರು ಒಳಗೆ ಜಿನುಗತೊಡಗಿದ್ದರಿಂದ ಮಾಲೀಕರು ಅದನ್ನು ಇಟ್ಟಿಗೆಯಿಟ್ಟು ಗಾರೆ ಬಳಿದು ಮುಚ್ಚಿಸಿದ್ದರು. ಒಳಗೆ ಗ್ಯಾಸ್ ಗೀಸರ್ ಇತ್ತು, ಅದನ್ನು ಹಾಕಿಸಿದ್ದವರೂ ಮಾಲೀಕರೇ. ಮನೆ ನೋಡಲು ಹೋದ ದಿನ ಬಾಡಿಗೆ, ಅಡ್ವಾನ್ಸ್, ನೀರು ಎಷ್ಟು ಹೊತ್ತು ಬರುತ್ತದೆ, ಗಾಡಿ ಎಲ್ಲಿ ನಿಲ್ಲಿಸಬೇಕು ಎಂದೆಲ್ಲ ಕೇಳಿದ ನಾನು ಸ್ನಾನದ ಮನೆಗೆ ಗಾಳಿ ಎಲ್ಲಿಂದ ಬರುತ್ತದೆ ಎಂದು ಕೇಳಲಿಲ್ಲ. ಕೇಳಬೇಕೆಂಬ ತಿಳಿವಳಿಕೆಯೇ ನನಗಿರಲಿಲ್ಲ.

ಒಂದು ಡಿಸೆಂಬರ್ ತಿಂಗಳ ಭಾನುವಾರ ಬೆಳಿಗ್ಗೆ ಹದಿಮೂರು ವರ್ಷದ ನನ್ನ ಮಗಳು ಎಣ್ಣೆಸ್ನಾನಕ್ಕೆ ಹೋದಳು. ಎಣ್ಣೆಸ್ನಾನವೆಂದರೆ ಹೊತ್ತು ಹಿಡಿಯುತ್ತದೆ, ಬಿಸಿನೀರೂ ಹೆಚ್ಚು ಬೇಕು. ಸ್ವಲ್ಪ ಹೊತ್ತಿನ ಬಳಿಕ ಗೀಸರ್ ಉರಿಯುವ ಸದ್ದು ಕೇಳುತ್ತಿದ್ದರೂ ನೀರು ಹೊಯ್ದುಕೊಳ್ಳುವ ಸದ್ದು ನಿಂತದ್ದನ್ನು ಗಮನಿಸಿದವರು ಅಡುಗೆಮನೆಯಲ್ಲಿದ್ದ ನನ್ನ ತಾಯಿ. ಕೂಗಿದರೂ ಉತ್ತರ ಬರಲಿಲ್ಲ. ಬಾಗಿಲು ಒಡೆದು ಎತ್ತಿಕೊಂಡು ಬಂದೆವು. ಆಸ್ಪತ್ರೆಯಲ್ಲಿ ಗಂಟೆಗಟ್ಟಲೆ ಆಮ್ಲಜನಕ ಕೊಟ್ಟ ಮೇಲೆ ಅವಳು ಚೇತರಿಸಿಕೊಂಡಳು. ಇನ್ನೊಂದೆರಡು ನಿಮಿಷ ತಡವಾಗಿದ್ದರೆ ಕಷ್ಟವಿತ್ತು ಎಂದು ವೈದ್ಯರು ಹೇಳಿದರು.

ಇದು ಹೇಗಾಗುತ್ತದೆ ಎಂಬುದನ್ನು ಓದುಗರಿಗಾಗಿ ವಿವರಿಸಬೇಕು, ಏಕೆಂದರೆ ಗ್ಯಾಸ್ ಸೋರಿಕೆಯಿಂದ ಸಾವು ಎಂದು ಸುದ್ದಿಯಾಗುವ ಎಷ್ಟೋ ಪ್ರಕರಣಗಳಲ್ಲಿ ಗ್ಯಾಸ್ ಸೋರಿಯೇ ಇರುವುದಿಲ್ಲ. ಒಂದು ಪಾಲು ಎಲ್‌ಪಿಜಿ ಪೂರ್ತಿಯಾಗಿ ಉರಿಯಬೇಕಾದರೆ ಇಪ್ಪತ್ತೈದರಿಂದ ಮೂವತ್ತು ಪಾಲು ಗಾಳಿ ಬೇಕು. ಮುಚ್ಚಿದ ಸಣ್ಣ ಕೋಣೆಯಲ್ಲಿ ಆಮ್ಲಜನಕ ಬಹುಬೇಗ ಕಡಿಮೆಯಾಗಿ, ಅರೆಬರೆ ಉರಿದ ಅನಿಲದಿಂದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಸೋರಿದ ಗ್ಯಾಸಿಗೆ ವಾಸನೆ ಇರುತ್ತದೆ, ಅದಕ್ಕೆಂದೇ ಬೆರೆಸಿರುತ್ತಾರೆ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಇದಕ್ಕೆ ಅಂಟಿಕೊಳ್ಳುತ್ತದೆ. ಸ್ವಲ್ಪ ತಲೆನೋವು, ಸ್ವಲ್ಪ ಆಯಾಸ ಎನ್ನಿಸುವಷ್ಟರಲ್ಲಿ ಕಾಲಿನ ಶಕ್ತಿ ಹೋಗಿ, ಚಿಲಕ ತೆಗೆಯುವುದಕ್ಕೂ ಆಗದೆ ಕುಸಿಯುತ್ತಾರೆ. ಬೆಂಗಳೂರಿನಲ್ಲಿ ಚಳಿಗಾಲ ಬಂತೆಂದರೆ ಇಂತಹ ಸಾವಿನ ಸುದ್ದಿ ಒಳಪುಟದಲ್ಲಿ ನಾಲ್ಕು ಸಾಲಿನಲ್ಲಿ ಬಂದು ಹೋಗುತ್ತದೆ. ಸತ್ತವರಲ್ಲಿ ಬಾಡಿಗೆ ಮನೆಗಳಲ್ಲಿದ್ದವರೂ ಎಳೆಯರೂ ಇರುತ್ತಾರೆ. ಗೀಸರನ್ನು ಸ್ನಾನದ ಮನೆಯ ಹೊರಗೆ ಕೂರಿಸಿ ಪೈಪಿನಲ್ಲಿ ಬಿಸಿನೀರು ತಂದರೆ, ಇಲ್ಲವೇ ಗೋಡೆಯಲ್ಲಿ ಸದಾ ತೆರೆದಿರುವ ಒಂದು ಗವಾಕ್ಷಿ ಇದ್ದರೆ, ಈ ಸಾವುಗಳಲ್ಲಿ ಬಹುಪಾಲು ತಪ್ಪುತ್ತಿದ್ದವು. ಗವಾಕ್ಷಿಗೆ ಆಗುವ ಖರ್ಚು ಒಬ್ಬ ಗಾರೆ ಕೆಲಸದವರ ಒಂದು ದಿನದ ಕೂಲಿ.

ಮಗಳು ಮನೆಗೆ ಬಂದ ಮೇಲೆ ನಾನು ಮೊದಲು ಮಾಲೀಕರನ್ನು ಕೇಳಿದೆ. ಹಿಂದಿನ ಬಾಡಿಗೆದಾರರು ಆರು ವರ್ಷ ಇದ್ದರು, ಅವರಿಗೆ ಏನೂ ಆಗಿರಲಿಲ್ಲ ಎಂದರು. ಬಳಿಕ ನಮ್ಮ ಭಾಗದ ನಗರಾಡಳಿತದ ಕಚೇರಿಗೆ ಹೋದೆ. ಅಲ್ಲಿನ ಎಂಜಿನಿಯರ್ ಕುಳ್ಳಿರಿಸಿ ಸಾವಧಾನವಾಗಿ ಕೇಳಿಸಿಕೊಂಡರು. ಅವರ ಮಾತನ್ನು ನಾನು ಮರೆತಿಲ್ಲ: "ನೀವು ಲಿಖಿತವಾಗಿ ಕೊಟ್ಟರೆ ನಾನು ಇಡೀ ಕಟ್ಟಡಕ್ಕೇ ನಕ್ಷೆ ಉಲ್ಲಂಘನೆಯ ನೋಟಿಸು ಕೊಡಬೇಕಾಗುತ್ತದೆ. ಅದು ಕೆಡವುವ ಹಂತಕ್ಕೆ ಹೋದರೆ ಮೊದಲು ಬೀದಿಗೆ ಬರುವವರು ನೀವು ಆರು ಮನೆಯವರೇ. ಯೋಚನೆ ಮಾಡಿ." ಅವರು ಹೆದರಿಸಲು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದರು. ಆರೋಗ್ಯ ನಿರೀಕ್ಷಕರನ್ನು ಕಂಡೆ. ಕಸ, ಸೊಳ್ಳೆ, ಹೋಟೆಲು ತಮ್ಮ ವ್ಯಾಪ್ತಿ, ಮನೆಯೊಳಗಿನ ಸ್ನಾನದ ಕೋಣೆ ತಮ್ಮದಲ್ಲ ಎಂದರು. ಗ್ಯಾಸ್ ಏಜೆನ್ಸಿಯವರು ರೆಗ್ಯುಲೇಟರ್, ರಬ್ಬರ್ ಟ್ಯೂಬು, ಒಲೆ ಇಷ್ಟನ್ನು ನೋಡುತ್ತೇವೆ, ಗೀಸರ್ ನಾವು ಕೊಟ್ಟದ್ದಲ್ಲ ಎಂದರು. ಠಾಣೆಯಲ್ಲಿ, ಜೀವಹಾನಿ ಆಗಿಲ್ಲವಲ್ಲ, ಮಾಲೀಕರ ಜೊತೆ ಕೂತು ಮಾತಾಡಿಕೊಳ್ಳಿ ಎಂದು ಸಲಹೆ ಕೊಟ್ಟರು. ಮೊಬೈಲಿನಲ್ಲಿ ದಾಖಲಿಸಿದ ದೂರಿಗೆ ಸಂಖ್ಯೆಯೊಂದು ಬಂತು. ನಾಲ್ಕು ದಿನಗಳ ಮೇಲೆ ಅದರ ಮುಂದೆ "ಪರಿಹರಿಸಲಾಗಿದೆ" ಎಂದು ಕಾಣಿಸಿಕೊಂಡಿತು. ಮನೆಗೆ ಯಾರೂ ಬಂದಿರಲಿಲ್ಲ. ಮೂರನೆಯ ವಾರ ಮಾಲೀಕರು, ತಮ್ಮ ಅಣ್ಣನ ಮಗನಿಗೆ ಮದುವೆ ಗೊತ್ತಾಗಿದೆ, ಮನೆ ಬೇಕು, ಖಾಲಿ ಮಾಡಿ ಎಂದರು. ಅಡ್ವಾನ್ಸ್ ಹಣದಲ್ಲಿ ಬಣ್ಣದ ಖರ್ಚಿನ ಜೊತೆಗೆ ಒಡೆದ ಬಾಗಿಲಿನ ಬೆಲೆಯನ್ನೂ ಹಿಡಿದುಕೊಂಡರು.

ನಾನು ಭೇಟಿಯಾದವರಲ್ಲಿ ಯಾರೂ ಕೆಟ್ಟವರಲ್ಲ, ಯಾರೂ ಲಂಚ ಕೇಳಲಿಲ್ಲ. ಅಷ್ಟು ಜನರ ನಡುವೆ ಆ ಗವಾಕ್ಷಿ ಯಾರ ಜವಾಬ್ದಾರಿಯೂ ಆಗಿರಲಿಲ್ಲ. ಅದನ್ನು ಅರ್ಥ ಮಾಡಿಕೊಳ್ಳಲು ಆಮೇಲೆ ನಾನು ಕಾಯ್ದೆ, ಉಪವಿಧಿಗಳನ್ನು ಓದುತ್ತಾ ಹೋದೆ. ಓದಿದಷ್ಟೂ ಸ್ಪಷ್ಟವಾದದ್ದು, ನಮ್ಮಲ್ಲಿ ಮಾನದಂಡಗಳಿಗೆ ಕೊರತೆಯಿಲ್ಲ ಎಂಬುದು. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆ 9.5 ಚದರ ಮೀಟರಿಗೆ ಕಡಿಮೆ ಇರಬಾರದು, ಎತ್ತರ 2.75 ಮೀಟರ್ ಇರಬೇಕು, ಸ್ನಾನದ ಮನೆ 1.8 ಚದರ ಮೀಟರಿಗೆ ಕಡಿಮೆ ಇರಬಾರದು, ಕಿಟಕಿ ಗವಾಕ್ಷಿಗಳ ತೆರಪು ಆಯಾ ಪ್ರದೇಶದ ಹವೆಗೆ ತಕ್ಕಂತೆ ನೆಲದ ವಿಸ್ತೀರ್ಣದ ಇಂತಿಷ್ಟು ಭಾಗ ಇರಬೇಕು ಎಂದು ವಿವರವಾಗಿ ಹೇಳುತ್ತದೆ. ಉಪವಿಧಿಗಳು ಕಟ್ಟಡದ ಸುತ್ತ ಬಿಡಬೇಕಾದ ಜಾಗವನ್ನು ನಿಗದಿಪಡಿಸುತ್ತವೆ. ಆ ಜಾಗವನ್ನು ನಾವು ಸೆಟ್‌ಬ್ಯಾಕ್ ಎಂದು ಕರೆದು ನಕ್ಷೆಗೆ ಸಂಬಂಧಿಸಿದ ತಾಂತ್ರಿಕ ವಿಷಯವೆಂದು ಭಾವಿಸುತ್ತೇವೆ. ನನ್ನ ಮಗಳ ಮಟ್ಟಿಗೆ ಅದು ಉಸಿರಿನ ವಿಷಯವಾಗಿತ್ತು. ಎರಡು ಕಟ್ಟಡಗಳ ನಡುವೆ ಮೂರಡಿ ಬಿಟ್ಟಿದ್ದರೆ ಆ ಗವಾಕ್ಷಿಯನ್ನು ಮುಚ್ಚುವ ಪ್ರಸಂಗವೇ ಬರುತ್ತಿರಲಿಲ್ಲ.

ಈ ಸತ್ಯ ಈ ಊರಿಗೆ ಹೊಸದೂ ಅಲ್ಲ. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಾದ ಮನೆಗಳಲ್ಲಿ ಜನ ಸತ್ತಾಗ, ಗಾಳಿ ಬೆಳಕು ಚರಂಡಿಗಳು ಆರೋಗ್ಯದ ವಿಷಯ ಎಂಬುದನ್ನು ಅಂದಿನ ಆಡಳಿತ ಕಂಡುಕೊಂಡಿತ್ತು. ಬಸವನಗುಡಿ, ಮಲ್ಲೇಶ್ವರದ ಅಗಲ ರಸ್ತೆಗಳೂ, ಕಸ, ಚರಂಡಿ ಶುಚಿ ಮಾಡುವವರಿಗೆಂದು ಮನೆಗಳ ಹಿಂದೆ ಬಿಟ್ಟ ಕನ್ಸರ್ವೆನ್ಸಿ ಓಣಿಗಳೂ ಆ ಕಾಲದ ತಿಳಿವಳಿಕೆಯಿಂದ ಬಂದವು.

ಹಾಗಾದರೆ ಎಡವುತ್ತಿರುವುದೆಲ್ಲಿ? ನಮ್ಮ ಮಾನದಂಡಗಳೆಲ್ಲ ಮನೆ ಕಟ್ಟುವ ಹೊತ್ತಿಗೆ ಸಂಬಂಧಿಸಿದವು. ನಕ್ಷೆ ಮಂಜೂರು, ಕೆಲಸ ಆರಂಭಕ್ಕೆ ಪತ್ರ, ಮುಗಿದ ಮೇಲೆ ಸ್ವಾಧೀನಾನುಭವ ಪತ್ರ, ಅಂದರೆ ಎಲ್ಲರೂ ಒಸಿ ಎನ್ನುವ ಕಾಗದ, ಅಲ್ಲಿಗೆ ನಗರಾಡಳಿತದ ಸಂಬಂಧ ಮುಗಿಯಿತು. ಜನ ಒಳಗೆ ಬಂದು ಸಂಸಾರ ಹೂಡಿದ ಮೇಲೆ ಆ ಮನೆ ವಾಸಯೋಗ್ಯವಾಗಿ ಉಳಿದಿದೆಯೇ ಎಂದು ನೋಡುವ ಕ್ರಮವೇ ಇಲ್ಲ. ಒಸಿ ಎಂಬುದಾದರೂ ಎಷ್ಟು ಮನೆಗಳಿಗೆ ಇದೆ? 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ತೀರ್ಪು ಕೊಟ್ಟು, ಈ ಪತ್ರ ನೋಡಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು ಎಂದು ದೇಶಕ್ಕೆಲ್ಲ ಅನ್ವಯವಾಗುವಂತೆ ನಿರ್ದೇಶಿಸಿತು. ನಮ್ಮ ರಾಜ್ಯದಲ್ಲಿ ಲಕ್ಷಾಂತರ ಜನರಿಗೆ ಕರೆಂಟು ಸಿಗದೆ ತೊಂದರೆಯಾಯಿತು ಎಂಬ ಕಾರಣಕ್ಕೆ ಸರ್ಕಾರ 2025ರಲ್ಲಿ 1,200 ಚದರ ಅಡಿವರೆಗಿನ ನಿವೇಶನದ ಸಣ್ಣ ವಾಸದ ಕಟ್ಟಡಗಳಿಗೆ ಇದರಿಂದ ವಿನಾಯಿತಿ ಕೊಟ್ಟಿತು. ತೊಂದರೆ ನಿಜವಾದದ್ದು, ವಿನಾಯಿತಿಯ ಹಿಂದಿನ ಅನುಕಂಪವೂ ನಿಜವಾದದ್ದೇ. ಆದರೆ ಬೆಂಗಳೂರಿನ ಬಡ ಮತ್ತು ಕೆಳಮಧ್ಯಮ ವರ್ಗದ ಬಾಡಿಗೆದಾರರು ವಾಸವಿರುವುದು ಬಹುತೇಕ ಇದೇ ಇಪ್ಪತ್ತು-ಮೂವತ್ತು, ಮೂವತ್ತು-ನಲವತ್ತರ ನಿವೇಶನಗಳಲ್ಲಿ. ಒಬ್ಬ ಸರ್ಕಾರಿ ಎಂಜಿನಿಯರ್ ಒಮ್ಮೆಯಾದರೂ ಒಳಗೆ ಕಾಲಿಟ್ಟು ನೋಡುವ ಒಂದೇ ಒಂದು ಅವಕಾಶವನ್ನು ತೆಗೆದ ಮೇಲೆ ಅದರ ಬದಲಿಗೆ ಬೇರೊಂದು ತಪಾಸಣೆಯನ್ನು ಇಡಬೇಕಿತ್ತು, ಅದನ್ನು ಇಡಲಿಲ್ಲ.

ಬಾಡಿಗೆ ಕಾನೂನಿನ ಕಡೆ ನೋಡಿದರೆ ಅಲ್ಲಿಯೂ ನೆರವಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯಲ್ಲಿ ಮನೆಯನ್ನು ಸುಸ್ಥಿತಿಯಲ್ಲಿ ಇಡುವುದು ಮಾಲೀಕನ ಕರ್ತವ್ಯ ಎಂದಿದೆ, ನೀರು ಬೆಳಕು ಕಡಿತ ಮಾಡಬಾರದು ಎಂದಿದೆ. ಆದರೆ ಬೆಂಗಳೂರಿನಂತಹ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿಗಿಂತ ಹೆಚ್ಚಿದ್ದರೆ, ಉಳಿದ ಕಡೆ 2,000 ರೂಪಾಯಿಗಿಂತ ಹೆಚ್ಚಿದ್ದರೆ, ಆ ಕಾಯ್ದೆ ಅನ್ವಯಿಸುವುದಿಲ್ಲ. ಇವತ್ತು ಬೆಂಗಳೂರಿನಲ್ಲಿ ಮೂರೂವರೆ ಸಾವಿರಕ್ಕೆ ಶೀಟಿನ ಮನೆಯ ಒಂದು ಕೋಣೆಯೂ ಸಿಗುವುದು ಕಷ್ಟ. ಕಾಯ್ದೆಯ ರಕ್ಷಣೆ ಪುಸ್ತಕದಲ್ಲಿ ಉಳಿದಿದೆ, ಅದರ ಕೆಳಗೆ ನಿಲ್ಲಬಹುದಾದ ಬಾಡಿಗೆದಾರ ಮಾತ್ರ ಉಳಿದಿಲ್ಲ. ನಮ್ಮ ಕೈಯಲ್ಲಿರುವುದು ಹನ್ನೊಂದು ತಿಂಗಳ ಕರಾರು ಪತ್ರ ಒಂದೇ. ಅದರಲ್ಲಿ ಗೋಡೆಗೆ ಮೊಳೆ ಹೊಡೆಯಬಾರದು ಎಂಬ ಷರತ್ತು ತಪ್ಪದೆ ಇರುತ್ತದೆ. ಸ್ನಾನದ ಮನೆಗೆ ಗಾಳಿ ಇರಬೇಕು ಎಂಬ ಷರತ್ತನ್ನು ನಾನು ಐದು ಮನೆಗಳ ಕರಾರಿನಲ್ಲಿ ಒಮ್ಮೆಯೂ ಕಂಡಿಲ್ಲ.

ನಗರಾಡಳಿತಕ್ಕೆ ಯಾವ ಮನೆ ಬಾಡಿಗೆಯದು ಎಂದು ಗೊತ್ತಿಲ್ಲವೇ ಎಂದರೆ, ಚೆನ್ನಾಗಿ ಗೊತ್ತಿದೆ. ಬೆಂಗಳೂರಿನಲ್ಲಿ 2008ರಿಂದ ಬಂದ ಘಟಕ ವಿಸ್ತೀರ್ಣ ಮೌಲ್ಯ ಪದ್ಧತಿಯ, ಅಂದರೆ ಚದರ ಅಡಿಗೆ ಇಂತಿಷ್ಟೆಂದು ಲೆಕ್ಕ ಹಾಕುವ, ಆಸ್ತಿ ತೆರಿಗೆಯಲ್ಲಿ ಬಾಡಿಗೆಗೆ ಕೊಟ್ಟ ವಾಸದ ಕಟ್ಟಡಕ್ಕೆ ಸ್ವಂತ ವಾಸದ ಕಟ್ಟಡದ ಎರಡರಷ್ಟು ದರ ಇಟ್ಟಿದ್ದರು. ಮಾಲೀಕರು ತಮ್ಮ ಕೈಯಾರೆ ಘೋಷಿಸಿಕೊಂಡು ಕಟ್ಟುವ ತೆರಿಗೆ ಅದು. ಬಾಡಿಗೆ ಕೊಡುವುದು ಒಂದು ವ್ಯವಹಾರ ಎಂದು ಒಪ್ಪಿ ಅದರಿಂದ ಹೆಚ್ಚು ತೆರಿಗೆ ಪಡೆಯುವ ಆಡಳಿತಕ್ಕೆ, ಆ ವ್ಯವಹಾರದಲ್ಲಿ ಕೊಳ್ಳುವವನಿಗೆ ಸಿಗುತ್ತಿರುವ ಸರಕು ಪ್ರಾಣಕ್ಕೆ ಅಪಾಯವಿಲ್ಲದ್ದೇ ಎಂದು ನೋಡುವ ಹೊಣೆಯೂ ಇರಲೇಬೇಕು.

ಮನಸ್ಸು ಮಾಡಿದಾಗ ಆಡಳಿತ ಮನೆಯ ಹೊಸ್ತಿಲು ದಾಟಿದ ಉದಾಹರಣೆಗಳೂ ಇವೆ. 2024ರ ಆಗಸ್ಟ್‌ನಲ್ಲಿ ಅಂದಿನ ಬಿಬಿಎಂಪಿ ಪಿಜಿಗಳಿಗೆ ಮಾರ್ಗಸೂಚಿ ಹೊರಡಿಸಿ ಪ್ರತಿಯೊಬ್ಬರಿಗೂ ಕನಿಷ್ಠ 70 ಚದರ ಅಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಸಿಸಿಟಿವಿ, ಶುಚಿಯಾದ ಶೌಚಾಲಯ ಇರಬೇಕು ಎಂದು ನಿಗದಿಪಡಿಸಿತು. ಪಿಜಿಗಳಿಗೆ ಉದ್ದಿಮೆ ಪರವಾನಗಿ ಬೇಕಾದ್ದರಿಂದ ಅಲ್ಲಿ ಹಿಡಿತ ಸಾಧ್ಯವಾಯಿತು. ಅದೇ ವರ್ಷ ಡೆಂಗಿ ಹೆಚ್ಚಾದಾಗ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಮನೆಯ ಆವರಣದಲ್ಲಿ ಸೊಳ್ಳೆ ಮರಿ ಮಾಡಲು ಬಿಟ್ಟರೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ, ನಗರದಲ್ಲಿ ಕೆಲಸ ನಡೆಯುತ್ತಿರುವ ಅಥವಾ ಪಾಳುಬಿದ್ದ ಕಟ್ಟಡಗಳಿಗೆ 2,000 ರೂಪಾಯಿ ದಂಡ ಎಂದು ಕಾಸಿನ ಲೆಕ್ಕದಲ್ಲಿ ನಿಯಮ ಮಾಡಿತು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಡ್ರಮ್ಮು, ಹೂಕುಂಡ, ಟೈರುಗಳನ್ನು ನೋಡಿ ಹೋದರು. ನಮ್ಮ ಮನೆಗೂ ಬಂದಿದ್ದರು. ಟ್ಯಾಂಕಿನ ಮುಚ್ಚಳವನ್ನು ಅವರು ಬಗ್ಗಿ ನೋಡಿದರು. ಅಲ್ಲಿಂದ ಹತ್ತು ಹೆಜ್ಜೆಯಾಚೆ ಗಾರೆ ಬಳಿದು ಮುಚ್ಚಿದ ಗವಾಕ್ಷಿ ಇತ್ತು. ಅದನ್ನು ನೋಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅವರ ನಮೂನೆಯಲ್ಲಿ ಅದಕ್ಕೊಂದು ಅಂಕಣವೂ ಇರಲಿಲ್ಲ.

ದೊಡ್ಡ ದುರಂತಗಳನ್ನು ಹಿಂತಿರುಗಿ ನೋಡಿದರೂ ಇದೇ ಕಾಣುತ್ತದೆ. 2017ರ ಅಕ್ಟೋಬರ್ 16ರಂದು ಈಜಿಪುರದಲ್ಲಿ ಸಿಲಿಂಡರ್ ಸ್ಫೋಟಗೊಂಡು ಕಟ್ಟಡ ಕುಸಿದು ಏಳು ಜನ ಸತ್ತರು. 2021ರ ಸೆಪ್ಟೆಂಬರ್ 27ರಂದು ಲಕ್ಕಸಂದ್ರದಲ್ಲಿ ಮೆಟ್ರೊ ಕಾರ್ಮಿಕರು ವಾಸವಿದ್ದ ಮೂರು ಅಂತಸ್ತಿನ ಹಳೆಯ ಕಟ್ಟಡ ಉರುಳಿತು, ವಾಲುತ್ತಿರುವುದನ್ನು ಕಂಡು ಮೊದಲೇ ಹೊರಗೆ ಓಡಿದ್ದರಿಂದ ಜೀವಗಳು ಉಳಿದವು. ಹತ್ತು ದಿನ ಕಳೆಯುವುದರೊಳಗೆ ಕಸ್ತೂರಿನಗರದಲ್ಲಿ ಇನ್ನೊಂದು ಕಟ್ಟಡ ಕುಸಿಯಿತು. 2024ರ ಅಕ್ಟೋಬರ್ 22ರಂದು ಬಾಬುಸಾಪಾಳ್ಯದಲ್ಲಿ ಅನುಮತಿಗಿಂತ ಹೆಚ್ಚು ಮಹಡಿ ಎಬ್ಬಿಸುತ್ತಿದ್ದ ಕಟ್ಟಡ ಕುಸಿದು ಒಂಬತ್ತು ಮಂದಿ ಸತ್ತರು. 2025ರ ಆಗಸ್ಟ್ 16ರ ನಸುಕಿನಲ್ಲಿ ನಗರ್ತಪೇಟೆಯ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು ಐವರು ಸತ್ತರು. ಕೆಳಗೆ ಮ್ಯಾಟ್ ತಯಾರಿಸುವ ಜಾಗ, ಮೇಲೆ ಗಂಡ ಹೆಂಡತಿ ಇಬ್ಬರು ಮಕ್ಕಳ ಸಂಸಾರ. ಬೇಗ ಉರಿಯುವ ಸರಕಿನ ಮೇಲೆ ಒಂದು ಕುಟುಂಬ ಮಲಗುತ್ತಿದೆ ಎಂಬುದು ಆ ಓಣಿಯಲ್ಲಿ ಓಡಾಡುವ ಯಾರಿಗಾದರೂ ಕಾಣುವಂಥದ್ದು. ಕಂಡವರು ಯಾರಿಗೆ ಹೇಳಬೇಕು, ಹೇಳಿದರೆ ಎಷ್ಟು ದಿನಗಳಲ್ಲಿ ಯಾರು ಬಂದು ನೋಡಬೇಕು ಎಂಬ ವ್ಯವಸ್ಥೆ ಇರಲಿಲ್ಲ, ಇವತ್ತೂ ಇಲ್ಲ.

ಕಟ್ಟುನಿಟ್ಟಿನ ಕ್ರಮ ಎಂದೊಡನೆ ಒಂದು ಆಕ್ಷೇಪ ಬರುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಬೆಂಗಳೂರಿನ ಬಹುಪಾಲು ಮಾಲೀಕರು ದೊಡ್ಡ ಕುಳಗಳಲ್ಲ. ಕಾರ್ಖಾನೆಯಿಂದ ನಿವೃತ್ತರಾಗಿ, ಬಂದ ಹಣವನ್ನೆಲ್ಲ ಸುರಿದು, ಮೇಲೆ ಸಾಲ ಮಾಡಿ ನಾಲ್ಕು ಮನೆ ಕಟ್ಟಿಕೊಂಡು ಅದರ ಬಾಡಿಗೆಯಲ್ಲಿ ಬದುಕುವವರು ಇದ್ದಾರೆ. ನನ್ನ ಎರಡನೆಯ ಮನೆಯ ಮಾಲೀಕರಾಗಿದ್ದ ವೃದ್ಧ ವಿಧವೆ ಅಂಥವರೇ, ಅವರು ನಮ್ಮನ್ನು ಮನೆಯವರಂತೆ ಕಂಡರು. ಅವರ ಮೇಲೆ ನೋಟಿಸಿನ ಮಳೆ ಸುರಿದರೆ ಬಾಡಿಗೆ ಏರುತ್ತದೆ, ಅಗ್ಗದ ಮನೆಗಳು ಇಲ್ಲವಾಗುತ್ತವೆ, ಬಡವ ಊರ ಹೊರಗೆ ಹೋಗಬೇಕಾಗುತ್ತದೆ ಎಂಬ ಆತಂಕದಲ್ಲಿ ಹುರುಳಿದೆ.

ಆದರೆ ಈ ಆತಂಕ ಹುಟ್ಟುವುದು ನಮಗೆ ಗೊತ್ತಿರುವ ಕ್ರಮಗಳು ಎರಡೇ ಆಗಿರುವುದರಿಂದ: ಒಂದು ಸುಮ್ಮನಿರುವುದು, ಇನ್ನೊಂದು ಕೆಡವುವುದು. ನನ್ನೊಡನೆ ಮಾತಾಡಿದ ಎಂಜಿನಿಯರ್ ಕೈಕಟ್ಟಿ ಕುಳಿತದ್ದು ಇದೇ ಕಾರಣಕ್ಕೆ. ಅವರ ಬಳಿಯಿದ್ದ ಏಕೈಕ ಅಸ್ತ್ರ ತೀರ ದೊಡ್ಡದು, ಅದನ್ನು ಪ್ರಯೋಗಿಸಿದರೆ ದೂರು ಕೊಟ್ಟವನೇ ಮೊದಲು ನಾಶವಾಗುತ್ತಿದ್ದ. ಇವೆರಡರ ನಡುವೆ ದುರಸ್ತಿ ಎಂಬ ದಾರಿ ಇದೆ. ನಕ್ಷೆ ಉಲ್ಲಂಘನೆಯ ವ್ಯಾಜ್ಯ ತನ್ನ ಪಾಡಿಗೆ ನಡೆಯಲಿ, ಉಲ್ಲಂಘನೆಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಅಕ್ರಮ ಸಕ್ರಮ ಯೋಜನೆ 2017ರಿಂದ ಸುಪ್ರೀಂ ಕೋರ್ಟಿನ ತಡೆಯಲ್ಲಿ ಇದ್ದಂತೆ ಅದು ವರ್ಷಗಟ್ಟಲೆ ನಡೆಯಬಹುದು. ಅದು ಮುಗಿಯುವವರೆಗೆ ಆ ಮನೆಯಲ್ಲಿ ಉಸಿರಾಡುತ್ತಿರುವವರು ಕಾಯಬೇಕಾಗಿಲ್ಲ. ಈ ಗವಾಕ್ಷಿಯನ್ನು ಹದಿನೈದು ದಿನಗಳಲ್ಲಿ ತೆರೆಸಿ, ಗೀಸರನ್ನು ಇಂದೇ ಹೊರಗೆ ಹಾಕಿಸಿ, ಮೀಟರ್ ಬೋರ್ಡಿನಲ್ಲಿ ಕರೆಂಟು ಸೋರಿದೊಡನೆ ಸಂಪರ್ಕ ಕಡಿಯುವ ಬ್ರೇಕರ್ ಕೂರಿಸಿ, ಸಂಪಿನ ಗೋಡೆಗೆ ನೀರು ಜಿನುಗದಂತೆ ಗಾರೆ ಮಾಡಿಸಿ, ಮೆಟ್ಟಿಲಿಗೆ ಕಂಬಿ ಹಾಕಿಸಿ ಎಂದು ಬರೆದುಕೊಡುವುದಕ್ಕೆ ಕಟ್ಟಡವನ್ನು ಸಕ್ರಮಗೊಳಿಸುವ ಅಗತ್ಯವೂ ಇಲ್ಲ, ಕೆಡವುವ ಅಗತ್ಯವೂ ಇಲ್ಲ. ಮೂವತ್ತು ಮಿಲಿ ಆಂಪಿಯರ್‌ನ ಬ್ರೇಕರ್ ಒಂದಕ್ಕೆ ತಿಂಗಳ ಬಾಡಿಗೆಯ ಒಂದು ಭಾಗವಷ್ಟೇ ಖರ್ಚು. ಒದ್ದೆ ಕೈಯಲ್ಲಿ ಹೀಟರ್ ಮುಟ್ಟಿದವರ ಪ್ರಾಣ ಉಳಿಸುವುದು ಅದು. ಅಪಾಯದ ಸ್ಥಿತಿಯಲ್ಲಿರುವ ಕಟ್ಟಡವನ್ನು ಭದ್ರಪಡಿಸು ಅಥವಾ ದುರಸ್ತಿ ಮಾಡು ಎಂದು ಮಾಲೀಕನಿಗೆ ಆಜ್ಞಾಪಿಸುವ ಅಧಿಕಾರ 1976ರ ಪೌರ ನಿಗಮಗಳ ಕಾಯ್ದೆಯ ಕಾಲದಿಂದಲೂ ಆಯುಕ್ತರಿಗೆ ಇದೆ. ಬೀಳಲಿರುವ ಗೋಡೆಯಷ್ಟೇ ಅಪಾಯಕಾರಿಯಾದದ್ದು ಗಾಳಿಯಿಲ್ಲದ ಕೋಣೆ ಎಂದು ಅದನ್ನು ವಿಸ್ತರಿಸಿ ಓದಬೇಕು, ಅಸ್ಪಷ್ಟತೆ ಇದ್ದರೆ ತಿದ್ದುಪಡಿ ತರಬೇಕು.

ಕಾಲಮಿತಿಯ ವಿಷಯದಲ್ಲಿ ಒಂದು ಹೊರಗಿನ ಉದಾಹರಣೆಯನ್ನು ಹೇಳಲೇಬೇಕು. ಇಂಗ್ಲೆಂಡಿನ ರಾಚ್‌ಡೇಲ್ ಎಂಬಲ್ಲಿ 2020ರ ಡಿಸೆಂಬರ್‌ನಲ್ಲಿ ಎರಡು ವರ್ಷದ ಅವಾಬ್ ಇಶಾಕ್ ಎಂಬ ಮಗು ಬಾಡಿಗೆ ಮನೆಯ ಗೋಡೆಯ ಬೂಷ್ಟಿನಿಂದ ಉಸಿರಾಟದ ಕಾಯಿಲೆಗೆ ತುತ್ತಾಗಿ ಸತ್ತಿತು. ತಂದೆ ತಾಯಿ ಹಿಂದಿನಿಂದಲೇ ದೂರು ಕೊಟ್ಟಿದ್ದರು. ಆ ಮಗುವಿನ ಹೆಸರಿನಲ್ಲೇ ಕರೆಯಲಾಗುವ ನಿಯಮ 2025ರ ಅಕ್ಟೋಬರ್‌ನಿಂದ ಅಲ್ಲಿನ ಸಾಮಾಜಿಕ ವಸತಿಗಳಿಗೆ, ಅಂದರೆ ಸ್ಥಳೀಯ ಆಡಳಿತ ಮತ್ತು ವಸತಿ ಸಂಸ್ಥೆಗಳು ಕಡಿಮೆ ಬಾಡಿಗೆಗೆ ಕೊಡುವ ಮನೆಗಳಿಗೆ, ಜಾರಿಗೆ ಬಂದಿದ್ದು, ತುರ್ತು ಅಪಾಯಕ್ಕೆ 24 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕೆಂದು ವಿಧಿಸುತ್ತದೆ.

ನಮಗೆ ಇದಕ್ಕಾಗಿ ಹೊರಗಿನ ಕಾನೂನನ್ನು ತಂದು ನೆಡಬೇಕಾಗಿಲ್ಲ, ಏಕೆಂದರೆ ನಮ್ಮಲ್ಲಿ ಸಕಾಲ ಇದೆ. 2012ರ ಏಪ್ರಿಲ್ 2ರಿಂದ ಜಾರಿಯಲ್ಲಿರುವ ಆ ಕಾಯ್ದೆಯಡಿ ಜಾತಿ ಪ್ರಮಾಣಪತ್ರದಿಂದ ಖಾತೆಯವರೆಗೆ ನೂರಾರು ಸೇವೆಗಳಿಗೆ ದಿನಗಳ ಗಡುವಿದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವೂ ಇದೆ. ಮೊತ್ತ ಸಣ್ಣದು, ಆದರೆ ಕಡತ ಯಾರ ಮೇಜಿನಲ್ಲಿ ನಿಂತಿದೆ ಎಂಬುದು ಅದರಿಂದ ದಾಖಲಾಗುತ್ತದೆ. ವಾಸದ ಮನೆಯ ಸುರಕ್ಷತಾ ತಪಾಸಣೆ ಎಂಬ ಒಂದು ಸೇವೆಯನ್ನು ಸಕಾಲದ ಪಟ್ಟಿಗೆ ಸೇರಿಸಬೇಕು ಎಂಬುದು ನನ್ನ ಮುಖ್ಯ ಬೇಡಿಕೆ. ಬಾಡಿಗೆದಾರ ಅರ್ಜಿ ಹಾಕಿದ ಏಳು ದಿನಗಳೊಳಗೆ ಒಬ್ಬ ಎಂಜಿನಿಯರ್ ಮತ್ತು ಒಬ್ಬ ಆರೋಗ್ಯ ನಿರೀಕ್ಷಕರು ಒಟ್ಟಾಗಿ ಬರಬೇಕು. ಇಬ್ಬರೂ ಒಟ್ಟಾಗಿ ಬಂದರೆ, ಇದು ನನ್ನದಲ್ಲ ಎಂದು ಒಬ್ಬರು ಮತ್ತೊಬ್ಬರತ್ತ ಬೆರಳು ತೋರಲು ಆಗುವುದಿಲ್ಲ. ಕಂಡದ್ದನ್ನು ಒಂದು ಪುಟದಲ್ಲಿ ಬರೆದು ಮಾಲೀಕರಿಗೂ ಬಾಡಿಗೆದಾರರಿಗೂ ಪ್ರತಿ ಕೊಡಬೇಕು. ದುರಸ್ತಿಗೆ ಗಡುವು ಇರಬೇಕು, ಗಡುವು ಮೀರಿದರೆ ನಗರಾಡಳಿತವೇ ಮಾಡಿಸಿ ಖರ್ಚನ್ನು ಆಸ್ತಿ ತೆರಿಗೆಯ ಜೊತೆಗೆ ವಸೂಲಿ ಮಾಡಬೇಕು. ಕೈಯಲ್ಲಿ ಹಣವಿಲ್ಲದ ಮಾಲೀಕರಿಗೆ ಕಂತಿನ ಅವಕಾಶ ಕೊಡಲಿ, ಸಣ್ಣ ದುರಸ್ತಿ ಮಾಡಿಸಿದವರಿಗೆ ಆ ವರ್ಷದ ತೆರಿಗೆಯಲ್ಲಿ ರಿಯಾಯಿತಿಯನ್ನೂ ಕೊಡಲಿ, ನನಗೆ ಆಕ್ಷೇಪವಿಲ್ಲ.

ಇದಕ್ಕಿಂತ ಮುಖ್ಯವಾದದ್ದು ದೂರು ಕೊಟ್ಟವರ ರಕ್ಷಣೆ. ದೂರು ಕೊಟ್ಟ ಮೂರೇ ವಾರಗಳಲ್ಲಿ ಮನೆ ಖಾಲಿ ಮಾಡಿಸಲು ಸಾಧ್ಯವಿರುವವರೆಗೆ ಯಾವ ಬಾಡಿಗೆದಾರನೂ ಬಾಯಿ ತೆರೆಯುವುದಿಲ್ಲ, ದೂರುಗಳಿಲ್ಲ ಆದ್ದರಿಂದ ಸಮಸ್ಯೆ ಇಲ್ಲ ಎಂದು ಕಚೇರಿಗಳು ಲೆಕ್ಕ ಒಪ್ಪಿಸುತ್ತಿರುತ್ತವೆ. ತಪಾಸಣೆಗೆ ಅರ್ಜಿ ಹಾಕಿದ ದಿನದಿಂದ ಕನಿಷ್ಠ ಆರು ತಿಂಗಳು ಆ ಕಾರಣಕ್ಕೆ ಬಾಡಿಗೆದಾರರನ್ನು ಎಬ್ಬಿಸಬಾರದು, ಬಾಡಿಗೆ ಏರಿಸಬಾರದು, ಅಡ್ವಾನ್ಸ್ ಹಿಡಿಯಬಾರದು ಎಂಬ ನಿಯಮ ಬೇಕು. ಅದಕ್ಕಾಗಿ ಬಾಡಿಗೆ ಕಾಯ್ದೆಯ 3,500 ರೂಪಾಯಿಯ ಮಿತಿಯನ್ನು, ಕನಿಷ್ಠ ದುರಸ್ತಿಗೆ ಸಂಬಂಧಿಸಿದ ಭಾಗದ ಮಟ್ಟಿಗಾದರೂ, ತೆಗೆದುಹಾಕಬೇಕು. ಅಕ್ಕಪಕ್ಕದವರೂ, ಆಶಾ ಕಾರ್ಯಕರ್ತೆಯರೂ, ಮೀಟರ್ ಓದಲು ಬರುವವರೂ ತಮ್ಮ ಹೆಸರು ಹೊರಬೀಳದಂತೆ ತಿಳಿಸಲು ಅವಕಾಶವಿರಬೇಕು. ವಲಸೆ ಬಂದ ಕಟ್ಟಡ ಕಾರ್ಮಿಕರ ಶೆಡ್ಡುಗಳಿಗೂ ಇದೇ ತಪಾಸಣೆ ಅನ್ವಯಿಸಬೇಕು. ಅವರಿಗೆ ಅಡುಗೆ, ಸ್ನಾನ, ಶೌಚದ ವ್ಯವಸ್ಥೆ ಸಹಿತ ತಾತ್ಕಾಲಿಕ ವಸತಿ ಕೊಡಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ಹೇಳಿತ್ತು.

2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಬೆಂಗಳೂರಿಗೆ ಚುನಾಯಿತ ಕಾರ್ಪೊರೇಟರುಗಳೇ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ನಗರಪಾಲಿಕೆಗಳು ಬಂದಿವೆ. ಆಡಳಿತವನ್ನು ಜನರ ಹತ್ತಿರ ತರುವುದೇ ಇದರ ಉದ್ದೇಶ ಎಂದು ಹೇಳಲಾಗಿದೆ. ಐದರಲ್ಲಿ ಯಾವುದಾದರೂ ಒಂದು ಪಾಲಿಕೆ, ತನ್ನ ವ್ಯಾಪ್ತಿಯ ಒಂದೇ ಒಂದು ವಾರ್ಡಿನಲ್ಲಿ, ಒಂದು ಚಳಿಗಾಲದ ಮಟ್ಟಿಗೆ ಗ್ಯಾಸ್ ಗೀಸರ್ ಇರುವ ಸ್ನಾನದ ಮನೆಗಳನ್ನು ಮಾತ್ರ ನೋಡಿಸಲಿ. ಸೊಳ್ಳೆ ನೋಡಲು ಬರುವವರ ನಮೂನೆಗೆ ಒಂದು ಅಂಕಣ ಸೇರಿಸಿದರೆ ಅಷ್ಟು ಸಾಕು.

ನಾವು ಬಿಟ್ಟು ಬಂದ ಮನೆಗೆ ಒಂದು ತಿಂಗಳೊಳಗೆ ಹೊಸ ಸಂಸಾರ ಬಂತು. ಮದುವೆಯಾಗಲಿದ್ದ ಅಣ್ಣನ ಮಗನಲ್ಲ, ಬಾಗಲಕೋಟೆ ಕಡೆಯಿಂದ ಬಂದ ದಂಪತಿ, ಜೊತೆಗೆ ಇಬ್ಬರು ಸಣ್ಣ ಮಕ್ಕಳು. ಉಳಿದುಹೋಗಿದ್ದ ಕಾಗದಗಳನ್ನು ತರಲು ಹೋದಾಗ ಆ ತಾಯಿಗೆ ಗೀಸರಿನ ವಿಷಯ ಹೇಳಿ, ಮಕ್ಕಳು ಸ್ನಾನ ಮಾಡುವಾಗ ಬಾಗಿಲು ಪೂರ್ತಿ ಹಾಕಬೇಡಿ, ನೀರನ್ನು ಮೊದಲೇ ಬಕೆಟ್ಟಿಗೆ ತುಂಬಿಸಿಕೊಂಡು ಗೀಸರ್ ಆರಿಸಿ ಆಮೇಲೆ ಒಳಗೆ ಹೋಗಿ ಎಂದು ತಿಳಿಸಿದೆ. ಅವರು ಹೆದರಿದರು. ಮಾಲೀಕರಿಗೆ ಹೇಳುತ್ತೀರಾ ಎಂದು ಕೇಳಿದೆ. "ಈಗಷ್ಟೇ ಬಂದೇವ್ರಿ ಅಣ್ಣಾರ, ಹ್ಯಾಂಗ ಕೇಳೋದು?" ಎಂದರು.

ಇತಿ,
ಒಬ್ಬ ಬಾಡಿಗೆದಾರ, ಬೆಂಗಳೂರು